ಅರಮನೆ ಎಲ್ರೀ?

ಮೈಸೂರಿನವರನ್ನು ಕರೆದುಕೊಂಡು ಹೋಗಿ ಇನ್ನೊಂದು ಅರಮನೆ ತೋರಿಸುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ಅವರ ಊರಿನದು ಅಂಥಿಂಥ ಅರಮನೆಯಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಬರೆದು, 1912ಕ್ಕೆ ಮುಗಿದು, ಆ ಕಾಲದ ರೂಪಾಯಿಯಲ್ಲೇ 41 ಲಕ್ಷಕ್ಕೂ ಮೀರಿ ನುಂಗಿದ ಕಟ್ಟಡ ಅದು. ಭಾನುವಾರ ಸಂಜೆ ಲಕ್ಷದ ಹತ್ತಿರ ಬಲ್ಬುಗಳು ಒಂದೇ ಏಟಿಗೆ ಹತ್ತುತ್ತವೆ. ಅದನ್ನು ಕಾಣಲು ಪ್ರಪಂಚದ ಮೂಲೆಮೂಲೆಯಿಂದ ಜನ ಬಂದು ಬಾಯಿಬಿಟ್ಟು ನಿಂತಿದ್ದರೆ, ಮೈಸೂರಿನವರು ಅದಕ್ಕೆ ಬೆನ್ನು ಹಾಕಿ ನಿಂತು ಆಟೋದವನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಿರುತ್ತಾರೆ. ಇಂಥವರ ಕಣ್ಣಿಗೆ ಬೇರೆ ಅರಮನೆ ಹಿಡಿಸುವುದು ಅಷ್ಟು ಸುಲಭವಲ್ಲ.

ಆದರೂ ಬಡಾವಣೆಯೊಂದರ ಬೆಳಗಿನ ವಾಕಿಂಗ್ ಬಳಗ, ದಸರಾಕ್ಕೆಂದು ಬಂದಿದ್ದ ನೆಂಟರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟ ಮೇಲೆ, ಕೊಡಗಿಗೆ ಒಂದು ದಿನದ ಪ್ರವಾಸ ಗೊತ್ತುಮಾಡಿತು. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ಒಂದೇ ದಿನ, ಮೂರು ನೋಟ! ಐತಿಹಾಸಿಕ ಅರಮನೆ, ಬೆಟ್ಟದ ಹಳ್ಳಿ, ದಟ್ಟ ಕಾಡು. ಅನುಭವಿ ಗೈಡ್ ಸಹಿತ. ಕರಪತ್ರ ಹೇಳದೆ ಬಿಟ್ಟ ಸಂಗತಿ ಒಂದಿತ್ತು. ಕೊಡಗಿನ ಆ ಮೂಲೆಯಲ್ಲಿ ಅರಮನೆ, ಹಳ್ಳಿ, ಕಾಡು ಮೂರಕ್ಕೂ ಬಂದವರ ಕಣ್ಣಿಗೆ ಬೀಳದಿರುವ ಚಾಳಿ ಉಂಟು.

ಬಳಗದ ಖಜಾಂಚಿ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಟೆಂಪೋ ಟ್ರಾವೆಲರ್‌ನ ಬಾಗಿಲಲ್ಲಿ ನಿಂತು ತಲೆ ಎಣಿಸಿದರು, ಮತ್ತೆ ಎಣಿಸಿದರು, ಎರಡು ಲೆಕ್ಕವೂ ತಾಳೆಯಾಗದೆ ಮೂರನೆಯ ಸಲ ಎಣಿಸುವಾಗ ತಮ್ಮ ಹೆಂಡತಿ ಇನ್ನೂ ಮನೆಯ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಲು ಹೋಗಿದ್ದಾರೆ ಎಂಬುದು ತಿಳಿಯಿತು. ಮುಂದಿನ ಸೀಟು ನಿವೃತ್ತ ಇತಿಹಾಸದ ಮೇಷ್ಟ್ರದ್ದು. ಮಧ್ಯದಲ್ಲಿ ಕಂಪ್ಯೂಟರ್ ಕಂಪನಿಯ ಒಬ್ಬ ಯುವಕ, ಅವನ ಹೆಂಡತಿ, ಹತ್ತು ವರ್ಷದ ಮಗ, ಮತ್ತು ಈ ಮೂವರನ್ನೂ ಸಂಭಾಳಿಸಲೆಂದೇ ಬಂದಂತಿದ್ದ ಅಜ್ಜಿ. ಅಜ್ಜಿಯ ಮಡಿಲಲ್ಲಿದ್ದ ಡಬ್ಬಿಯಲ್ಲಿ ಕೋಡುಬಳೆ ಇದೆ ಎಂಬುದು ಹುಣಸೂರು ದಾಟುವವರೆಗೂ ಗುಟ್ಟಾಗಿತ್ತು.

ಪಿರಿಯಾಪಟ್ಟಣ ಬಂದದ್ದೇ ಮೇಷ್ಟ್ರು ಎದ್ದು ನಿಂತರು. ಗೈಡ್ ಹತ್ತುವುದು ಮಡಿಕೇರಿಯಲ್ಲಿ. ಅಲ್ಲಿಯವರೆಗೆ ಮೈಕು ಅವರ ಸ್ವತ್ತು. "ಇಲ್ಲೇ ನೋಡಿ, ನಾವೀಗ ಹೋಗ್ತಿರೋ ಅರಮನೆಯ ರಾಜ ದೊಡ್ಡವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿದ್ದದ್ದು. 1788ರಲ್ಲಿ ಕೊಡವರ ಸಹಾಯದಿಂದ ತಪ್ಪಿಸಿಕೊಂಡು ಕೊಡಗು ಸೇರಿದ."

"ಅಷ್ಟು ದೂರ ನಡ್ಕೊಂಡೇ ಹೋದನೇ? ಹೊಟ್ಟೆಗೇನು ಮಾಡಿದ?" ಎಂದರು ಅಜ್ಜಿ. ಇತಿಹಾಸದಲ್ಲಿ ಎಂ.ಎ. ಮಾಡಿದ ಯಾರಿಗೂ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಮೇಷ್ಟ್ರು ಕೂತರು, ಕೋಡುಬಳೆ ಡಬ್ಬಿ ತೆರೆಯಿತು.

ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ಕೊಡಗು. ಮಡಿಕೇರಿಯಲ್ಲಿ ಗೈಡ್ ಹತ್ತಿದ. ಇಪ್ಪತ್ತೈದರ ಆಸುಪಾಸಿನ ತೆಳ್ಳಗಿನ ಹುಡುಗ, ಕೈಯಲ್ಲಿ ಕೊಡೆ. ಮೇಷ್ಟ್ರು ಮೈಕನ್ನು ಕೊಡುವಾಗ ಅಳಿಯನಿಗೆ ಮಗಳನ್ನು ಧಾರೆ ಎರೆಯುವ ಮಾವನ ಮುಖ ಮಾಡಿದ್ದರು. ಅಲ್ಲಿಂದ ನಾಪೋಕ್ಲು ಕಡೆಗಿನ ರಸ್ತೆ ನೆಟ್ಟಗೆ ಹೋಗಿದ್ದಕ್ಕಿಂತ ತಿರುಗಿದ್ದೇ ಹೆಚ್ಚು. ಬ್ಯಾಂಕ್ ಮ್ಯಾನೇಜರ್ ಅರ್ಧ ಹೋಳು ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಉಳಿದವರು ಕಿಟಕಿಗೆ ಫೋನು ಹಚ್ಚಿ ಎಡಬಿಡದೆ ವಿಡಿಯೋ ತೆಗೆದರು.

"ಎಂಥಾ ಕಾಡು ನೋಡ್ರೀ! ಒಳಗೆ ಸೂರ್ಯನ ಬೆಳಕೇ ಬೀಳಲ್ಲ!"

"ಅದು ತೋಟ ಆಂಟಿ," ಎಂದ ಗೈಡ್. "ಕಾಡು ಮುಂದೆ ಉಂಟು."

ತಪ್ಪು ನೋಡಿದವರದ್ದಲ್ಲ. ಕೊಡಗಿನ ಕಾಫಿ ನೆರಳಲ್ಲಿ ಬೆಳೆಯುವ ಕಾಫಿ. ಇಲ್ಲಿ ಯುರೋಪಿಯನ್ನರ ಮೊದಲ ದೊಡ್ಡ ತೋಟ ಶುರುವಾದದ್ದು 1854ರಲ್ಲಿ, ಮಡಿಕೇರಿಯ ಹತ್ತಿರ, ಫೌಲರ್ ಎಂಬ ಪ್ಲಾಂಟರ್ ಕೈಯಲ್ಲಿ. ಬರಬರುತ್ತ ಗುಡ್ಡಗಳ ಕಾಡು ಮರಗಳನ್ನು ಪೂರ್ತಿ ಕಡಿಯದೆ ನೆರಳಿಗೆ ಉಳಿಸಿಕೊಂಡು, ಸಾಲದ್ದಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟು, ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ಕೆಳಗೆ ಕಾಫಿ ಗಿಡ ಇಟ್ಟರು. ಮೇಲಿನಿಂದ ನೋಡಿದರೂ ಪಕ್ಕದಿಂದ ನೋಡಿದರೂ ಕಾಡೇ. ಸರ್ವೆ ನಂಬರ್ ಇದೆ, ಬೇಲಿ ಇದೆ, ಬೇಲಿಗೆ ಬೋರ್ಡೂ ಇದೆ, ಅಷ್ಟೇ ವ್ಯತ್ಯಾಸ. ಆಂಟಿ ತಮ್ಮ ಫೋನಿನ ವಿಡಿಯೋಗಳ ಮೇಲೆ ಹಾಕಿದ್ದ "ಡೀಪ್ ಫಾರೆಸ್ಟ್" ಅನ್ನುವುದನ್ನು ಅಳಿಸಲಿಲ್ಲ. ಮೈಸೂರಲ್ಲಿ ಕೇಳುವವರು ಯಾರು?

ಕಕ್ಕಬ್ಬೆ ಬಂತು. ನಾಲ್ಕಾರು ಅಂಗಡಿ, ಬಸ್ಸು ನಿಲ್ಲುವ ಜಾಗ, ಬಾಡಿಗೆಗೆ ಕಾದ ಒಂದೆರಡು ಜೀಪು. ಟೆಂಪೋ ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಕಣ್ಣು ಬಿಟ್ಟು, "ಹಳ್ಳಿ ಯಾವಾಗ ಬರುತ್ತಪ್ಪಾ?" ಎಂದು ಕೇಳಿದರು.

"ಬಂದು ತುಂಬ ಹೊತ್ತಾಯ್ತು ಸರ್. ಈಗ ಯವಕಪಾಡಿ. ನಾವು ಹಳ್ಳಿ ಒಳಗೇ ಇರೋದು."

ಎಲ್ಲರೂ ಹೊರಗೆ ನೋಡಿದರು. ಮನೆಯಿಲ್ಲ, ಮಠವಿಲ್ಲ. ಬಯಲುಸೀಮೆಯವರ ಲೆಕ್ಕದಲ್ಲಿ ಹಳ್ಳಿಯೆಂದರೆ ಅರಳಿಕಟ್ಟೆ ಇರಬೇಕು, ಗೋಡೆಗೆ ಗೋಡೆ ತಾಗಿದ ಮನೆಗಳ ಬೀದಿ ಇರಬೇಕು, ಹೊಸಬರನ್ನು ಕಂಡು ಬೊಗಳುವ ನಾಯಿಯಾದರೂ ಇರಬೇಕು. ಕೊಡಗಿನ ಹಳ್ಳಿಗೆ ಬೀದಿಯ ಹಂಗಿಲ್ಲ. ತಗ್ಗಿನಲ್ಲಿ ಗದ್ದೆ, ಗದ್ದೆಯಂಚಿನ ಏರಿನಲ್ಲಿ ಎಲ್ಲೋ ಮರಗಳ ನಡುವೆ ಒಂದು ಐನ್‌ಮನೆ, ಅಂದರೆ ಒಕ್ಕದ (ಕುಲದ) ಮೂಲಮನೆ, ಅದರ ಸುತ್ತ ತೋಟ. ಇನ್ನೊಂದು ಒಕ್ಕದ ಮನೆ ಮತ್ತೊಂದು ಏರಿನಲ್ಲಿ. ಒಬ್ಬರ ಮನೆಯ ದೀಪ ಇನ್ನೊಬ್ಬರಿಗೆ ಕಾಣುವುದಿಲ್ಲ. ರಸ್ತೆಗೆ ಸಿಗುವುದು ಗೇಟು ಮತ್ತು ಒಕ್ಕದ ಹೆಸರಿನ ಫಲಕ. ಮನೆ ಬೇಕಾದರೆ ಒಳಗೆ ಹೋಗಿ ಹುಡುಕಿಕೊಳ್ಳಬೇಕು.

"ಇಲ್ಲಿ ಸಾಲ ವಸೂಲಿಗೆ ಹೋಗೋದು ಹೇಗ್ರೀ?" ಎಂದರು ಮ್ಯಾನೇಜರ್. ನಿವೃತ್ತಿಯಾದರೂ ಮನಸ್ಸು ಬ್ರಾಂಚಿನಲ್ಲೇ ಇತ್ತು.

"ವಸೂಲಿಗೆ ಬರುವವರು ಫೋನ್ ಮಾಡಿ ಬರ್ತಾರೆ ಸರ್," ಎಂದ ಗೈಡ್. ಕೊಡವರ ಮನೆಯಲ್ಲಿ ಕೋವಿ ಇರುತ್ತದೆ, ಅದಕ್ಕೆ ಲೈಸೆನ್ಸ್‌ನಿಂದ ವಿನಾಯಿತಿಯೂ ಉಂಟು ಎಂಬುದನ್ನು ಮೇಷ್ಟ್ರು ಮುಂದಿನ ಸೀಟಿನಿಂದ ಸೇರಿಸಿದರು. ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿ ಅದು. ಮ್ಯಾನೇಜರ್ ಆ ವಿಷಯವನ್ನು ಮುಂದುವರಿಸಲಿಲ್ಲ.

ಊರಿನ ಪಾಡಿ ಇಗ್ಗುತ್ತಪ್ಪ ದೇವಸ್ಥಾನ ಕೊಡಗಿಗೆಲ್ಲ ದೊಡ್ಡದು. ಇಗ್ಗುತ್ತಪ್ಪ ಮಳೆಯ ದೇವರು. ಹೊಸ ಅಕ್ಕಿಯ ಹಬ್ಬ ಪುತ್ತರಿಗೆ ಮುಹೂರ್ತ ಇಡುವುದು ಅಲ್ಲೇ. ಅಜ್ಜಿ ಕೂತಲ್ಲಿಂದಲೇ ಕೈ ಮುಗಿದು, ಸಂಜೆಯವರೆಗೆ ಮಳೆ ಬೇಡ ಎಂದು ಬೇಡಿಕೊಂಡರು. ಮಳೆ ಕೊಡುವ ದೇವರ ಬಾಗಿಲಿಗೆ ಬಂದು ಮಳೆ ಬೇಡ ಎನ್ನುವವರು ಪ್ರವಾಸಿಗರು ಮಾತ್ರ. ಹತ್ತು ನಿಮಿಷಕ್ಕೆ ಸೋನೆ ಶುರುವಾಯಿತು.

ಟೆಂಪೋ ನಿಂತಿತು. ಎದುರಿಗೆ ಹಂಚಿನ ಮಾಡಿನ, ಎರಡು ಅಂತಸ್ತಿನ, ಬಿಳಿ ಗೋಡೆಯ ಒಂದು ಮನೆ. ಮುಂದೆ ಪುಟ್ಟ ಮಂಟಪ. ಹಿಂದೆ ಮೋಡದಲ್ಲಿ ಅರ್ಧ ಮುಳುಗಿದ ಬೆಟ್ಟ.

"ಟಿಕೆಟ್ ಕೌಂಟರ್ ಚೆನ್ನಾಗಿದೆ," ಎಂದರು ಮ್ಯಾನೇಜರ್ ಹೆಂಡತಿ. "ಅರಮನೆ ಎಲ್ರೀ?"

"ಇದೇ ಆಂಟಿ. ನಾಲ್ಕುನಾಡು ಅರಮನೆ."

ಯಾರೂ ಮಾತಾಡಲಿಲ್ಲ. ಕೊನೆಗೆ ಮ್ಯಾನೇಜರ್, "ಕುವೆಂಪುನಗರದಲ್ಲಿ ನಮ್ಮ ಷಡ್ಡಕರ ಮನೆ ಇದಕ್ಕಿಂತ ದೊಡ್ಡದಿದೆ," ಎಂದರು. ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ. ಷಡ್ಡಕರು ಬೇರೆ ಬೇರೆ, ಅಷ್ಟೇ.

ಗೈಡ್ ಇಂಥ ಮೌನಗಳನ್ನು ಎಷ್ಟೋ ಕಂಡವನು. ಕೊಡೆ ಮಡಚಿ ಸುಮ್ಮನೆ ನಿಂತ. ಅರಮನೆಯ ಮಾನ ಕಾಯಲು ಮುಂದೆ ಬಂದವರು ಮೇಷ್ಟ್ರು. ನಿಮ್ಮ ಮೈಸೂರಿನ ಅರಮನೆ ಎಲ್ಲರೂ ನೋಡಲಿ ಅಂತ ಕಟ್ಟಿದ್ದು, ಇದು ಯಾರೂ ನೋಡದಿರಲಿ ಅಂತ ಕಟ್ಟಿದ್ದು, ಎರಡನ್ನೂ ಒಂದೇ ಟೇಪಿನಲ್ಲಿ ಅಳೆಯಬೇಡಿ ಎಂದು ಶುರುಮಾಡಿದರು. ಅವರು ಹೇಳಿದ್ದರಲ್ಲಿ ಹುರುಳಿತ್ತು. ಸೆರೆಯಿಂದ ತಪ್ಪಿಸಿಕೊಂಡ ದೊಡ್ಡವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿಯವರ ಜೊತೆ ಸೇರಿದ. 1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಹೋಗಲು ಕೊಡಗಿನಲ್ಲಿ ದಾರಿ ಬಿಟ್ಟುಕೊಟ್ಟ. ಜನರಲ್ ಜೊತೆ ಆಗ ನಡೆದ ಭೇಟಿಯ ನೆನಪಿಗೆ 1792ರಲ್ಲಿ ವಿರಾಜಪೇಟೆ ಕಟ್ಟಿಸಿದ. ಅದೇ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಈ ಅರಮನೆಯನ್ನೂ ಎಬ್ಬಿಸಿದ. ವರ್ಷಗಟ್ಟಲೆ ಕೋಟೆಯೊಂದರಲ್ಲಿ ಕೈದಿಯಾಗಿದ್ದವನು ಮನೆ ಕಟ್ಟಿಸಿದರೆ ದರ್ಬಾರ್ ಹಾಲಿನ ಅಳತೆ ಕೇಳುವುದಿಲ್ಲ, ಹಿಂಬಾಗಿಲು ಎಲ್ಲಿ ಎಂದು ಕೇಳುತ್ತಾನೆ.

ಒಳಗೆ ಹೋಗುವಾಗ ಮ್ಯಾನೇಜರ್ ಹಣೆ ಬಾಗಿಲ ಮೇಲ್ಪಟ್ಟಿಗೆ ತಾಗಿತು. "ರಾಜರು ಕುಳ್ಳಗಿದ್ರೇನಪ್ಪಾ?"

"ಇಲ್ಲ ಸರ್. ಶತ್ರು ತಲೆ ತಗ್ಗಿಸಿ ಬರಬೇಕು, ಆಗ ಮೇಲಿಂದ ಕತ್ತಿ ಬೀಸೋಕೆ ಸುಲಭ ಆಗ್ತದೆ."

ಚಿತ್ರದುರ್ಗದಿಂದ ಹಿಡಿದು ರಾಜಸ್ಥಾನದ ತನಕ ಯಾವ ಗಿಡ್ಡ ಬಾಗಿಲಿಗೂ ಗೈಡುಗಳು ಕೊಡುವ ವಿವರಣೆ ಇದು. ಹಾಗೆ ನೋಡಿದರೆ ಹಳೆಯ ಹಟ್ಟಿಮನೆಗಳ ಬಾಗಿಲೂ ಗಿಡ್ಡ; ಅಲ್ಲಿ ಯಾರ ತಲೆ ಹಾರಿಸಬೇಕಿತ್ತೋ! ಆದರೆ ಹಣೆ ಉಜ್ಜಿಕೊಳ್ಳುತ್ತಿದ್ದ ಮ್ಯಾನೇಜರ್‌ಗೆ ತಾನು ಶತ್ರುವಿನ ಸಾಲಿಗೆ ಸೇರಿದ್ದು ಒಂದು ಬಗೆಯ ಗೌರವವಾಗಿ ಕಂಡಿತು.

ಒಳಗಿನ ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣತೊಡಗಿತು. ಕಪ್ಪಾಗಿ ನುಣುಪೇರಿದ ಮರ, ಅದರ ಮೇಲಿನ ಕೆತ್ತನೆ, ಬಣ್ಣ ಮಾಸಿದ ಹಳೆಯ ಚಿತ್ರಗಳು. ಒಂದು ಕಂಬವನ್ನು ಅಜ್ಜಿ ಅಂಗೈಯಲ್ಲಿ ಸವರಿ, ಕಿಟಕಿಯ ಕಡೆಯಿಂದ ಬಂದ ಓರೆ ಬೆಳಕಿಗೆ ಕತ್ತು ವಾಲಿಸಿ, ಉಳಿ ಓಡಿದ ಗುರುತನ್ನು ಉಗುರಿನಿಂದ ಹಿಂಬಾಲಿಸುತ್ತ ಹೋದರು. ಎಲೆಯ ಸುರುಳಿಯೊಂದು ಕಂಬದ ಒಂದು ಮಗ್ಗುಲಲ್ಲಿ ಬಲಕ್ಕೆ, ಇನ್ನೊಂದು ಮಗ್ಗುಲಲ್ಲಿ ಎಡಕ್ಕೆ ತಿರುಗಿತ್ತು. "ಇದನ್ನ ಕೆತ್ತಿದೋನಿಗೆ ಅವಸರ ಇರ್ಲಿಲ್ಲ," ಎಂದರು. ಆ ಬೆಳಗ್ಗೆ ಅರಮನೆಯನ್ನು ನಿಜವಾಗಿ ನೋಡಿದವರು ಅವರೊಬ್ಬರೇ ಇರಬೇಕು. ಪಕ್ಕದ ಗೋಡೆಯಲ್ಲಿ ಅವಸರ ಇದ್ದವರ ಕೆಲಸವೂ ಇತ್ತು: ಬಾಣ ನಾಟಿದ ಹೃದಯ, ಎರಡು ಇಂಗ್ಲಿಷ್ ಅಕ್ಷರ.

ಎಲ್ಲರಿಗೂ ಬೇಕಾದದ್ದು ಅಡಗುವ ಕೋಣೆ. ಗೈಡ್ ಒಂದು ಕತ್ತಲೆಯ ಮೂಲೆಗೆ ಕರೆದೊಯ್ದು, ಶತ್ರು ಬಂದಾಗ ರಾಜಮನೆತನದವರು ಇಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರು, ಹೊರಗಿನವರನ್ನು ನೋಡಲು ಕಿಂಡಿಗಳಿದ್ದವು ಎಂದ. ಮೊಬೈಲ್ ಟಾರ್ಚುಗಳು ಒಟ್ಟಿಗೆ ಹೊತ್ತಿದವು. ಎರಡು ಶತಮಾನ ಕತ್ತಲನ್ನು ಜೋಪಾನ ಮಾಡಿದ್ದ ಕೋಣೆ ಅರೆಗಳಿಗೆಯಲ್ಲಿ ಫೋಟೋ ಸ್ಟುಡಿಯೋ ಆಯಿತು. ಕಂಪ್ಯೂಟರ್ ಕಂಪನಿಯ ಯುವಕ ಮಾತ್ರ ಟಾರ್ಚ್ ಹಾಕದೆ ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಸಿಗ್ನಲ್‌ನ ಒಂದು ಕಡ್ಡಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ, ಬಹಳ ದಿನಕ್ಕೆ ನಕ್ಕ. "ಟಿಪ್ಪು ಸೈನ್ಯಕ್ಕೇ ಸಿಗಬಾರದು ಅಂತ ಕಟ್ಟಿದ ಜಾಗ. ನಮ್ಮ ಟೀಮ್ ಲೀಡ್‌ಗೆ ಸಿಗ್ತೀನಾ?" ಈ ಕಟ್ಟಡವನ್ನು ಅದು ಕಟ್ಟಿದ ಉದ್ದೇಶಕ್ಕೇ ಬಳಸಿಕೊಂಡ ಪ್ರವಾಸಿಗ ಅವನು.

ಮಂಟಪದ ಹತ್ತಿರ ಕಥೆ ಮದುವೆಗೆ ತಿರುಗಿತು. 1796ರಲ್ಲಿ ದೊಡ್ಡವೀರರಾಜೇಂದ್ರ ಮಹಾದೇವಮ್ಮಾಜಿಯನ್ನು ವರಿಸಿದ್ದು ಇಲ್ಲಿ. ಗೈಡ್ ಇಸವಿ ಹೇಳಿದ, ಮೇಷ್ಟ್ರು ಅರಸ ಬರೆಸಿದ 'ರಾಜೇಂದ್ರನಾಮೆ'ಯ ಪ್ರಸ್ತಾಪ ಮಾಡಿದರು. ಅಜ್ಜಿಗೆ ಬೇಕಾದದ್ದು ಬೇರೆ: ಬೀಗರನ್ನು ಎಲ್ಲಿ ಇಳಿಸಿದ್ದರು, ಅಡುಗೆಗೆ ನೀರು ಎಲ್ಲಿಂದ, ಈ ಮಳೆಯಲ್ಲಿ ಹಪ್ಪಳ ಮೆತ್ತಗಾಗದಂತೆ ಏನು ಮಾಡಿದರು. ಎರಡನೆಯ ಮದುವೆ ಎಂದು ತಿಳಿದ ಮೇಲೆ, "ಹಾಗಾದ್ರೆ ಸರಳವಾಗೇ ಮಾಡಿರ್ತಾರೆ ಬಿಡು," ಎಂದು ತಾವೇ ಸಮಾಧಾನಪಟ್ಟುಕೊಂಡರು.

ಈ ಅಡಗುತಾಣ ಕೊನೆಗೆ ಕೈಕೊಟ್ಟ ಕಥೆಯನ್ನು ಹೇಳದೆ ಮೇಷ್ಟ್ರು ಯಾರನ್ನೂ ಟೆಂಪೋ ಹತ್ತಲು ಬಿಡಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಕೊಡಗಿನೊಳಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಓಡಿ ಬಂದದ್ದು ಇಲ್ಲಿಗೇ. ಆದರೆ ಹೆಚ್ಚು ದಿನ ನಿಲ್ಲಲಾಗಲಿಲ್ಲ, ಶರಣಾದ. ವೆಲ್ಲೂರಿಗೆ ಸಾಗಿಸಿದರು, ಅಲ್ಲಿಂದ ಕಾಶಿಗೆ. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳು ಕ್ರೈಸ್ತ ಮತಕ್ಕೆ ಸೇರಿದಾಗ ಜ್ಞಾನಮಾತೆಯಾದವಳು ಖುದ್ದು ವಿಕ್ಟೋರಿಯಾ ರಾಣಿ. ಅಪ್ಪ ಅದೇ ಊರಿನಲ್ಲಿ ಕಂಪನಿಯ ಮೇಲೆ ಹಣಕ್ಕಾಗಿ ದಾವೆ ಹೂಡಿದ. 1859ರಲ್ಲಿ ತೀರಿಕೊಂಡದ್ದೂ ಅಲ್ಲೇ. ಕಣ್ಣಿಗೆ ಬೀಳದ ಅರಮನೆಯಿಂದ ಹೊರಟವನು ಆಗಿನ ಜಗತ್ತಿನ ಅತಿ ದೊಡ್ಡ ನಗರದ ನಡುಮಧ್ಯೆ ಹೋಗಿ ಕೋರ್ಟು ಅಲೆದ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಹೆಸರು ಕೇಳಿಬಂದ ಕಾದಂಬರಿ 'ಚಿಕವೀರ ರಾಜೇಂದ್ರ'. "ಓದಿದ್ದೀರಾ?" ಎಂದು ಮೇಷ್ಟ್ರು ಕೇಳಿದಾಗ ಎಲ್ಲರಿಗೂ ಏಕಕಾಲಕ್ಕೆ ಹಸಿವಾಯಿತು.

ಊಟ ಒಂದು ತೋಟದ ಮನೆಯಲ್ಲಿ. ಸಸ್ಯಾಹಾರಿಗಳದ್ದು ಜಗುಲಿ, ಮಾಂಸಾಹಾರಿಗಳದ್ದು ಹಿತ್ತಲ ಕಡೆಯ ಚಾವಡಿ. ಜಗುಲಿಗೆ ಅಕ್ಕಿ ರೊಟ್ಟಿ, ನೂಪುಟ್ಟು, ಕಣಿಲೆ ಪಲ್ಯ; ಹಿತ್ತಲಿಗೆ ಕಡಂಬುಟ್ಟು, ಪಂದಿಕರಿ. ನಡುವಿನ ಗೋಡೆ ವಾಸನೆಯನ್ನು ತಡೆಯುವಷ್ಟು ಎತ್ತರವಿರಲಿಲ್ಲ. "ಈ ಕಪ್ಪು ಬಣ್ಣ ಎಂತದು?" ಎಂದು ಯಾರೋ ಕೇಳಿದ್ದಕ್ಕೆ ಮನೆಯಾಕೆ ಒಂದು ಸೀಸೆ ತಂದು ತೋರಿಸಿದರು. ಕಾಚಂಪುಳಿ. ಮಲೆನಾಡಿನವರು ಉಪ್ಪಾಗೆ ಎನ್ನುವ ಹುಳಿಹಣ್ಣಿನ ಜಾತಿಯ ರಸವನ್ನು ಕುದಿಸಿ ಕುದಿಸಿ ಕಾಡಿಗೆ ಬಣ್ಣಕ್ಕೆ ಇಳಿಸಿದ್ದು, ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಚಮಚ ಬಿದ್ದರೆ ಪಂದಿಕರಿಗೆ ಬಣ್ಣ, ಹುಳಿ ಎರಡೂ ಬಂತು. ಇದು ಶುದ್ಧ ಸಸ್ಯಾಹಾರವೇ ಆದ್ದರಿಂದ ಅದನ್ನಷ್ಟು ಹತ್ತಿರದಿಂದ ನೋಡಿ ಬರುತ್ತೇನೆ ಎಂದು ಮ್ಯಾನೇಜರ್ ಜಗುಲಿಯಿಂದ ಎದ್ದು ಹಿತ್ತಲಿಗೆ ಹೋದರು. ನೋಡುವುದಕ್ಕೆ ಅವರಿಗೆ ಕಾಲು ಗಂಟೆ ಹಿಡಿಯಿತು. ಬಂದವರು ಕೈ ತೊಳೆದುಕೊಂಡೇ ಬಂದಿದ್ದರು.

ಬೆಲ್ಲದ ಕಾಫಿ ಕುಡಿದು ಕಾಡಿಗೆ ಹೊರಟಿತು ಬಳಗ. ತಡಿಯಂಡಮೋಳ್ 1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ತುದಿಗೆ ಹೋಗುವ ಮಾತು ಕರಪತ್ರದಲ್ಲಿ ಇರಲಿಲ್ಲ, ಮಂಡಿಗಳಲ್ಲೂ ಇರಲಿಲ್ಲ. ಬುಡದ ದಾರಿಯಲ್ಲಿ ಸ್ವಲ್ಪ ದೂರ ಅಡ್ಡಾಡುವುದು, ಅಷ್ಟೇ. ಎರಡು ತಿರುವು ಕಳೆಯುತ್ತಲೇ ತೋಟಕ್ಕೂ ಕಾಡಿಗೂ ಇರುವ ಅಂತರ ತಾನಾಗಿ ತಿಳಿಯಿತು. ಬೆಳಕು ಹಸಿರಾಯಿತು, ಜೀರುಂಡೆಯ ಸದ್ದು ಒಮ್ಮೆಲೇ ಏರಿತು, ಮಾತು ತಾನೇ ಇಳಿಯಿತು. ಆದರೆ ಅದು ಎರಡು ನಿಮಿಷ ಮಾತ್ರ.

"ಹುಲಿ ಎಲ್ಲಿ?" ಎಂದು ಹುಡುಗ ಗಟ್ಟಿಯಾಗಿ ಕೇಳಿದ.

"ನಾವು ಟೆಂಪೋ ಇಳಿದಾಗಲೇ ಎಲ್ಲದಕ್ಕೂ ಗೊತ್ತಾಗಿರ್ತದೆ ಮರಿ," ಎಂದ ಗೈಡ್. ಅವನು ತೋರಿಸಿದ್ದೆಲ್ಲ ಗುರುತುಗಳೇ: ಕೆಂದಳಿಲು ಕಚ್ಚಿ ಬಿಸಾಕಿದ ಕಾಯಿ, ತೊರೆಯ ಕಡೆಯಿಂದ ಮನುಷ್ಯರು ಶಿಳ್ಳೆ ಹಾಕಿದಂತೆ ಕೇಳಿದ ಸಿಳ್ಳಾರದ ದನಿ. ಹಕ್ಕಿ ಕಾಣಲಿಲ್ಲ, ಅಳಿಲೂ ಕಾಣಲಿಲ್ಲ. ಕಾಡನ್ನು ದೇವರ ಹೆಸರಿಗೆ ಬಿಟ್ಟು ಕೊಡಲಿ ತಾಗಿಸದೆ ಕಾಯುವ ದೇವರಕಾಡುಗಳು ಕೊಡಗಿನಲ್ಲಿ 1,200ಕ್ಕೂ ಹೆಚ್ಚು ಇವೆ ಎಂದು ಗೈಡ್ ಹೇಳಿದ. ಅಲ್ಲಿಯೂ ದೇವರು ಕಾಣುವುದಿಲ್ಲವೇ ಎಂದು ಕೇಳಬೇಕೆಂದಿದ್ದ ಹುಡುಗನ ಬಾಯಿಯನ್ನು ಅವನ ಅಮ್ಮನ ಕಿರುಚಾಟ ಮುಚ್ಚಿಸಿತು.

ಅಡಗುವ ಚಾಳಿಯಿಲ್ಲದ ಒಂದೇ ಒಂದು ಪ್ರಾಣಿ ಆ ಬೆಟ್ಟದಲ್ಲಿದೆ. ಇಂಬಳ. ಉಳಿದವೆಲ್ಲ ಮನುಷ್ಯನ ಸುಳಿವಿಗೆ ದೂರ ಸರಿದರೆ ಇದು ಕಾಲಿನ ಸದ್ದಿಗೆ, ಮೈಯ ಬಿಸಿಗೆ, ಬಿಟ್ಟ ಉಸಿರಿಗೆ ಎದ್ದು ನಿಂತು, ಅತ್ತಿತ್ತ ತಲೆಯಾಡಿಸಿ, ಬಳುಕುತ್ತ ನೆಟ್ಟಗೆ ಬರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಹಿರುಡಿನ್ ಎಂಬ ಅಂಶವನ್ನು ಸೇರಿಸುವುದರಿಂದ ಅದು ಉದುರಿದ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ. ಕ್ಷಣದಲ್ಲಿ ಬಳಗ ವೈದ್ಯಕೀಯ ಸಮ್ಮೇಳನವಾಯಿತು. ಉಪ್ಪು ಎಂದರು ಒಬ್ಬರು. ಸುಣ್ಣ ಎಂದರು ಇನ್ನೊಬ್ಬರು. ಹೊಗೆಸೊಪ್ಪಿನ ನೀರು ಎಂದವರನ್ನು ಅವರ ಹೆಂಡತಿ ಅನುಮಾನದಿಂದ ನೋಡಿದರು. ಮ್ಯಾನೇಜರ್ ಒಂಟಿಕಾಲಲ್ಲಿ ಕುಣಿಯುತ್ತ ಸ್ಯಾನಿಟೈಸರ್ ಹುಡುಕುತ್ತಿದ್ದರೆ, ಅಜ್ಜಿ ತಮ್ಮ ಹಿಮ್ಮಡಿಗೆ ಅಂಟಿದ್ದನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು, ಎಲೆಯ ಮೇಲೆ ಬಿಟ್ಟು, "ಹೋಗು, ಸಕ್ಕರೆ ಕಾಯಿಲೆ ರಕ್ತ ಕುಡ್ದಿದೀಯ, ಜೋಪಾನ," ಎಂದರು.

ಕಾಡಿನ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಇಳಿಯುವುದಕ್ಕೆ ಹತ್ತಿದ್ದರ ಅರ್ಧ ಹೊತ್ತೂ ಹಿಡಿಯಲಿಲ್ಲ.

ಜೇನು ಕೊಳ್ಳದೆ ಕಕ್ಕಬ್ಬೆ ಬಿಡುವಂತಿಲ್ಲ. ಒಂದು ಕಾಲಕ್ಕೆ ಈ ಕಡೆಯ ಜೇನಿನ ಹೆಸರು ದೊಡ್ಡದು. ಮರದ ಪೊಟರೆಯ ಕತ್ತಲಲ್ಲಿ ಗೂಡು ಕಟ್ಟುವ ತುಡುವೆ ಜೇನಿಗೆ ಮರದ ಪೆಟ್ಟಿಗೆಯ ಕತ್ತಲೂ ಒಗ್ಗಿದ್ದರಿಂದ ತೋಟಗಳಲ್ಲೆಲ್ಲ ಪೆಟ್ಟಿಗೆಗಳಿದ್ದವು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಮರಿಗಳಿಗೆ ತಗುಲಿ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಅಂಗಡಿಯ ಮುದುಕರು ಅದನ್ನು ಹೇಳುವಾಗ ತಕ್ಕಡಿಯನ್ನು ಒರೆಸುತ್ತಲೇ ಇದ್ದರು. ಮತ್ತೆ ಚೇತರಿಸಿದ್ದು ನಿಧಾನಕ್ಕೆ, ಅದೂ ಮೊದಲಿನಷ್ಟಲ್ಲ.

ಮ್ಯಾನೇಜರ್‌ಗೆ ಶುದ್ಧತೆಯ ಪುರಾವೆ ಬೇಕಿತ್ತು. ಬೆಂಕಿಕಡ್ಡಿಯ ತುದಿಯನ್ನು ಜೇನಿನಲ್ಲಿ ಅದ್ದಿ ಗೀರಿದರು. ಮೂರನೆಯ ಗೀರಿಗೆ ಅದು ಹೊತ್ತಿಕೊಂಡಿತು.

"ನೋಡಿ, ಕಡ್ಡಿ ಉರೀತು! ಅಸಲಿ ಜೇನು!"

"ಕಡ್ಡಿ ಉರಿದ್ರೆ ಕಡ್ಡಿ ಅಸಲಿ ಅಂತ ಸರ್," ಎಂದರು ಅಂಗಡಿಯವರು. "ಸಕ್ಕರೆ ಪಾಕದಲ್ಲಿ ಅದ್ದಿದ್ರೂ ಉರೀತದೆ. ಜೇನು ಎಷ್ಟು ಕೊಡ್ಲಿ?"

ಇಷ್ಟು ಪ್ರಾಮಾಣಿಕನಾದ ವ್ಯಾಪಾರಿಯನ್ನು ನಂಬಬೇಕೋ ಬೇಡವೋ ತಿಳಿಯದೆ ಮ್ಯಾನೇಜರ್ ಅರ್ಧ ಕೆ.ಜಿ. ತೆಗೆದುಕೊಂಡರು. ಅಜ್ಜಿ ಎರಡು ಕೆ.ಜಿ. ತೆಗೆದುಕೊಂಡು ಚೌಕಾಸಿಯನ್ನೂ ಮಾಡಲಿಲ್ಲ.

ವಾಪಸು ದಾರಿ ವಿರಾಜಪೇಟೆಯ ಮೇಲೆ. ಅಲ್ಲಿ ಇಳಿದು ಮಡಿಕೇರಿ ಬಸ್ಸು ಹಿಡಿಯಬೇಕಿದ್ದ ಗೈಡ್, ಇಳಿಯುವ ಮುಂಚೆ ಟೂರ್ ಕಂಪನಿಯ ಅಭಿಪ್ರಾಯದ ಹಾಳೆಗಳನ್ನು ಹಂಚಿದ. ಬಳಗದ ಪರವಾಗಿ ಒಂದೇ ಹಾಳೆ ಸಾಕು ಎಂದು ಖಜಾಂಚಿಗಳೇ ತುಂಬಲು ಕೂತರು. ಓಡುವ ಟೆಂಪೋದಲ್ಲಿ ಅಕ್ಷರಗಳು ಕುಣಿದವು. ಅರಮನೆ: ಲೈಟಿಂಗ್ ಇಲ್ಲ. ಹಳ್ಳಿ: ನಾವು ಹೋದಾಗ ಕಾಣಿಸಲಿಲ್ಲ. ಕಾಡು: ಒಂದೇ ಪ್ರಾಣಿ ಸಿಕ್ಕಿತು, ಬೇಡವೆಂದರೂ ಬಿಡಲಿಲ್ಲ. ಗೈಡ್: ಒಳ್ಳೆಯ ಹುಡುಗ, ಸಂಬಳ ಜಾಸ್ತಿ ಮಾಡಿ. ಊಟ: ಸಸ್ಯಾಹಾರ ಬಹಳ ಚೆನ್ನಾಗಿತ್ತು.

ಪಕ್ಕದಲ್ಲಿ ಕೂತು ಎಲ್ಲವನ್ನೂ ಓದುತ್ತಿದ್ದ ಅವರ ಹೆಂಡತಿ ಪೆನ್ನು ಕಿತ್ತುಕೊಂಡು, 'ಸಸ್ಯಾಹಾರ'ದ ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಳೆಯನ್ನು ಗೈಡ್ ಕೈಗೆ ಕೊಟ್ಟರು.